ಮದ್ದು ಹಾಕಿದ ಮಡು

ಮಾರಿಹಬ್ಬದ ವಾರ ನಮ್ಮ ಮನೆಯಲ್ಲಿ ಮಸಾಲೆ ಅರೆದಿಟ್ಟಿರಬೇಕು. ಗಂಡಸರು ಯಾವ ಹೊತ್ತಿಗೆ ಮೀನಿನ ಬುಟ್ಟಿ ತಂದು ಒಲೆಯ ಮುಂದೆ ಸುರಿಯುತ್ತಾರೋ ಗೊತ್ತಿರುವುದಿಲ್ಲ. ಮಸಿನಗುಡಿಯ ಕೆಳಗೆ, ಕಾಡಿನ ಅಂಚಿನ ಊರು ನಮ್ಮದು. ಬೇಸಿಗೆಗೆ ಹಳ್ಳ ಸೊರಗಿ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಲ್ಲುತ್ತದೆ. ಮಡುವಿಗೆ ನಂಜು ಹಾಕಿ, ತೇಲಿದ ಮೀನು ಬಾಚಿ, ಊರಿಗೆಲ್ಲ ಊಟ ಹಾಕುವುದು ಪದ್ಧತಿ. ಯಾವ ದಿನ ಎಂದು ಮಾತ್ರ ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮೀನು ಕೇಳಿಸಿಕೊಂಡು ಕಲ್ಲಿನಡಿ ಅಡಗುತ್ತದಂತೆ!

ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು. ಮೀನಿಗೆ ಮತ್ತು ಬರುತ್ತಿತ್ತು, ಮಾರನೆಯ ದಿನ ನೀರು ತಿಳಿಯಾಗುತ್ತಿತ್ತು. ಈಗ ಜಜ್ಜುವ ತೋಳು ಯಾರಿಗಿದೆ? ಕೋಸಿಗೆ ಹೊಡೆಯುವ ಮದ್ದಿನ ಬಾಟಲಿ ಬಗ್ಗಿಸಿದರೆ ಆಯಿತು. ಮೀನು, ಏಡಿ, ಕಪ್ಪೆ, ನೀರುನಾಯಿ, ಎಲ್ಲಾ ಹೆಣ. ಸಾರು ತಿಂದವರು ವಾಂತಿ ಮಾಡಿಕೊಂಡರೆ ಮಸಾಲೆ ಹೆಚ್ಚಾಯಿತೆಂದು ನಮ್ಮನ್ನೇ ಬೈಯುತ್ತಾರೆ.

ಹೋದ ವರ್ಷ ನನ್ನ ಗಂಡನ ಅಣ್ಣ, ಊರ ಯಜಮಾನ ಭೋಜನ್, ನಮ್ಮ ಜಗಲಿಯಲ್ಲಿ ಕಾಪಿ ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟೆ.

“ಭಾವ, ಆ ಬಾಟ್ಲಿ ಮೇಲೆ ತಲೆಬುರುಡೆ ಚಿತ್ರ ಹಾಕವ್ರೆ. ಅದ್ನ ನೀರಿಗೆ ಹುಯ್ತೀರಲ್ಲ?”

“ಬೀಡಿ ಕಟ್ಟಿನ ಮೇಲೂ ಚಿತ್ರ ಹಾಕವ್ರೆ ಕಣವ್ವ. ಯಾವನಾದ್ರೂ ಸೇದೋದು ಬುಟ್ಟವ್ನಾ?”

“ಕೆಳಗಿನೂರಲ್ಲಿ ನನ್ನ ತಂಗಿ ಕಮಲಂ ಅವ್ಳೆ. ಪೈಪಲ್ಲಿ ನೀರಿಲ್ಲ, ಹಳ್ಳದ ಮರಳಲ್ಲಿ ಒರತೆ ತೋಡಿ ಕುಡೀತವ್ರೆ. ಯಾವತ್ತು ಹಾಕ್ತೀರಿ ಅಂತ ಒಂದು ಮಾತು ಹೇಳಿ, ಕೊಡ ತುಂಬಿಟ್ಕೋತಾರೆ.”

“ಹೇಳದ್ರೆ ಮೀನೂ ಅಡಗ್ತವೆ, ಫಾರೆಸ್ಟ್‌ನೋರೂ ಬತ್ತಾರೆ. ನಮ್ಮಪ್ಪ ಯಾರ್ಗಾದ್ರೂ ಹೇಳಿದ್ನಾ? ಹರಿಯೋ ನೀರು, ಮರಳು ಸೋಸ್ತದೆ. ನೀನು ಮಸಾಲೆ ನೋಡ್ಕೋ ಹೋಗು.”

“ನಿಮ್ಮಪ್ಪ ಕಾಯಿ ಜಜ್ಜಿದ್ರು, ಕಂಪ್ನಿ ಮದ್ದು ಹುಯ್ದಿರ್ಲಿಲ್ಲ!”

ಭಾವನಿಗೆ ಎದುರು ಮಾತಾಡಿದೆನೆಂದು ನನ್ನ ಗಂಡ ನನ್ನೊಡನೆ ಮಾತು ಬಿಟ್ಟ.

ಆ ವಾರವೇ ಹಾಕಿದರು. ಬುಟ್ಟಿ ಮನೆಗೆ ಬಂದಾಗಲೇ ನನಗೆ ತಿಳಿದದ್ದು. ಕಮಲಂಗೆ ಫೋನ್ ಮಾಡಿದೆ. ಎತ್ತಿದವನು ಅವಳ ಗಂಡ ದಿನೇಶ್‌ಕುಮಾರ್.

“ಅಕ್ಕಾ, ಇವ್ಳು ನೊರೆ ಕಕ್ತವ್ಳೆ! ಸೌದೆ ಹೊತ್ತು ಬಂದು ನೀರು ಕುಡುದ್ಲು, ಅಷ್ಟೇಯ!”

ಕೆಳಗಿನೂರಿಗೆ ಓಡಿದೆ. ಅವಳನ್ನು ಜೀಪಿಗೆ ಹಾಕಿಕೊಂಡು ಗೂಡಲೂರು ಆಸ್ಪತ್ರೆಗೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. “ಅಕ್ಕಾ, ನೀರು” ಎಂದಳು. ಅವರ ಮನೆಯಿಂದ ತಂದ ಬಾಟಲಿ ನನ್ನ ಕೈಯಲ್ಲೇ ಇತ್ತು. ಅದೂ ಒರತೆಯ ನೀರೇ. ಕೊಡಲಿಲ್ಲ. ತೊರಪಳ್ಳಿ ಬರುವುದರೊಳಗೆ ಉಸಿರು ನಿಂತಿತು.

ಡಾಕ್ಟರು ಹೊಟ್ಟೆಯಲ್ಲಿ ಮದ್ದಿದೆ ಎಂದರು. ಊರೇನು ಹೇಳಿತು ಗೊತ್ತೇ? ಗಂಡನ ಮೇಲಿನ ಸಿಟ್ಟಿಗೆ ತಾನೇ ಕುಡಿದಳು ಎಂದಿತು! ದಿನೇಶ್‌ಕುಮಾರ್ ತಲೆ ತಗ್ಗಿಸಿ ನಿಂತಿದ್ದ, ಇಲ್ಲ ಎನ್ನಲಿಲ್ಲ. ಅವತ್ತಿನ ಸಾರನ್ನು ಯಾವ ಮನೆಯಲ್ಲೂ ಚೆಲ್ಲಲಿಲ್ಲ. ಓದುವವರೇ, ಇದನ್ನು ಪದ್ಧತಿ ಎನ್ನುತ್ತೀರಾ? ನಾನು ಕೊಲೆ ಎನ್ನುತ್ತೇನೆ.

ಈ ವರ್ಷ ಹಬ್ಬದ ವಾರ ಬಂದ ಕೂಡಲೇ ದಿನಾ ಬೆಳಗಾದರೆ ಮಡುವಿನ ದಂಡೆಯಲ್ಲಿ ಕೂರುತ್ತಿದ್ದೆ. ಕೊನೆಗೂ ಬಂದರು. ಮುಂದೆ ಭೋಜನ್, ಕೈಯಲ್ಲಿ ಬಾಟಲಿ. ಅವರ ಹಿಂದೆ ಬುಟ್ಟಿ ಹಿಡಿದವನು ದಿನೇಶ್‌ಕುಮಾರ್!

“ಥೂ! ನಾಚ್ಕೆ ಆಗಲ್ವೇನೋ ನಿಂಗೆ?”

“ಊರು ಬುಟ್ಟು ಬಾಳಕಾಯ್ತದಾ ಅಕ್ಕಾ?” ಅವನು ನನ್ನ ಮುಖ ನೋಡಲಿಲ್ಲ.

ಸೀರೆ ಎತ್ತಿ ಕಟ್ಟಿ ಮಡುವಿಗೆ ಇಳಿದೆ. “ಹುಯ್ರಿ ಈಗ. ನನ್ನ ತಲೆ ಮೇಲೇ ಹುಯ್ರಿ!”

ಭೋಜನ್ ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ಈ ಮಡು ನೀನೇ ಇಟ್ಕೋ ತಾಯಿ. ಚೆನ್ನಾಗಿ ನೆನಿ, ತಲೆ ತಣ್ಣಗಾಗ್ಲಿ.” ಗಂಡಸರೆಲ್ಲ ನಕ್ಕರು. ನಗುತ್ತಲೇ ದಂಡೆ ಹಿಡಿದು ಮೇಲಿನ ಮಡುವಿಗೆ ಹೋದರು.

ನಾನು ಗೆದ್ದೆ ಎಂದುಕೊಳ್ಳಬೇಡಿ. ಆ ಮಡುವಿನ ನೀರೇ ಬೆರಳಗಲ ಹರಿದು ನನ್ನ ಮಡುವಿಗೆ ಬೀಳುತ್ತಿತ್ತು. ಮೊದಲು ವಾಸನೆ ಬಂತು. ಆಮೇಲೆ ಕಲ್ಲಿನ ಸಂದಿಯಿಂದ ಒಂದು ಸಣ್ಣ ಮೀನು, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು, ಇಳಿದು ಬಂದು ನನ್ನ ಮೊಣಕಾಲಿಗೆ ತಾಗಿತು.

ದಂಡೆ ಹತ್ತಿ, “ಒರತೆ ನೀರು ಮುಟ್ಬೇಡ್ರೋ!” ಎಂದು ಕೂಗುತ್ತಾ ಒದ್ದೆ ಸೀರೆಯಲ್ಲೇ ಕೆಳಗಿನೂರಿನ ಕಡೆ ಓಡಿದೆ. ನೀರು ನನಗಿಂತ ಮೊದಲೇ ಹೊರಟಿತ್ತು.