ಎರಡನೇ ಬ್ರೇಕ್

ಬಾಚಣಿಗೆ ನೆಟ್ಟಗೆ ಹೋಯಿತು. ಅದಕ್ಕೇ ಅವಳ ಕೈ ನಡುವೆ ನಿಂತುಬಿಟ್ಟಿತು.

ಗಂಡನ ಬೈತಲೆಯನ್ನು ನೆಟ್ಟಗೆ ತೆಗೆಯುವುದು ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಎದೆ ಬಡಿದಾಗಲೆಲ್ಲ ಅವರ ತಲೆ ಒಂದೆಳೆ ಮುಂದಕ್ಕೆ ಬಾಗುತ್ತಿತ್ತು. ಯಾರೋ ಏನೋ ಕೇಳಿದರು, ಇವರು ಹೂಂ ಅಂದರು ಅನ್ನುವ ಹಾಗೆ. ಕಾರು ಕಲಿಯಲು ಬರುವವರೆಲ್ಲ ಹಿಂದಿನಿಂದ ಅವರನ್ನು 'ಹೂಂ ಮೇಷ್ಟ್ರು' ಅನ್ನುತ್ತಿದ್ದರು. ಮೇಷ್ಟ್ರಿಗೂ ಅದು ಗೊತ್ತಿತ್ತು. ಅದಕ್ಕೂ ಅವರ ತಲೆ ಹೂಂ ಅಂದಿತ್ತು. ಇವತ್ತು ಬೆಳಗಿನಿಂದ ಆ ತಲೆ ದಿಂಬಿನ ಮೇಲೆ ಅಲುಗದೆ ಇತ್ತು.

"ಅತ್ತಿಗೆ, ಕಾಲೇಜಿನ ವ್ಯಾನು ಬಂದಿದೆ," ಅಂದಳು ನಾದಿನಿ, ಬಾಗಿಲಲ್ಲೇ ನಿಂತು. "ಪ್ರೊಫೆಸರೇ ಬಂದಿದ್ದಾರೆ. ಒಂದು ಗಂಟೆ ಸಾಕಂತೆ. ಹೃದಯ ಮಾತ್ರ ತೆಗೆದುಕೊಂಡು, ಮಣ್ಣಿಗೆ ಹೊರಡೋ ಹೊತ್ತಿಗೆ ಕರ್ಕೊಂಡು ಬಂದುಬಿಡ್ತಾರಂತೆ."

"ತಲೆ ಬಾಚಿ ಮುಗಿಸ್ತೀನಿ ಇರು."

"ಬೇಗ ಮುಗ್ಸಿ. ಅಣ್ಣ ಮಾತು ಕೊಟ್ಟಿದ್ದ."

"ಗೊತ್ತು ಕಣೇ. ಕೊಟ್ಟಾಗ ನಾನೂ ಪಕ್ಕದಲ್ಲೇ ಇದ್ದೆ."

*

ಆ ಮಾತು ಕೊಟ್ಟದ್ದು ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ. ಪ್ರೊಫೆಸರ್ ಆಗ ಇನ್ನೂ ಪ್ರೊಫೆಸರ್ ಆಗಿರಲಿಲ್ಲ. ಕೆನ್ನೆ ಒಳಗೆ ಹೋದ, ಬಟ್ಟೆ ಮೇಲೆ ಗಮನವಿಲ್ಲದ ಎಳೆಯ ಡಾಕ್ಟರು. ಕಾಯಿಲೆಯನ್ನು ಕಿವಿಯಿಂದ ಗುರುತಿಸುವುದನ್ನು ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆ, ಎಲ್ಲಿ ತಪ್ಪುತ್ತಾರೆ ಅನ್ನುವುದು ಅವರ ಸಂಶೋಧನೆ. ಮೇಷ್ಟ್ರ ಹತ್ತಿರ ಕಾರು ಕಲಿಯಲು ಬಂದ ಈ ಡಾಕ್ಟರು, ಪಕ್ಕದ ಸೀಟಿನಲ್ಲಿ ಆಡುತ್ತಿದ್ದ ತಲೆ ನೋಡಿ ರಸ್ತೆ ನೋಡುವುದನ್ನೇ ಬಿಟ್ಟರು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರನ್ನೂ ಕಾಲೇಜಿಗೆ ಕರೆಸಿದ್ದರು.

"ಹೃದಯದ ಕವಾಟ ಸ್ವಲ್ಪ ಸೋರುತ್ತೆ, ಅಷ್ಟೇ," ಅಂದರು. "ಗಾಬರಿ ಏನಿಲ್ಲ. ಆದ್ರೆ ಆ ಶಬ್ದ ಇದೆಯಲ್ಲ ಮೇಷ್ಟ್ರೇ, ಚಿನ್ನ! ಯಂತ್ರಗಳು ಬಂದ ಮೇಲೆ ನಮ್ಮ ಹುಡುಗರ ಕಿವಿ ಸತ್ತೇಹೋಗಿದೆ. ವರ್ಷಕ್ಕೊಂದು ಸಲ ಅವರ ಪರೀಕ್ಷೆಗೆ ಬಂದು ಮಲಗಿದ್ರೆ ಸಾಕು. ಅವರು ಕೇಳಿಸ್ಕೊಂಡು ಏನು ಕಾಯಿಲೆ ಅಂತ ಹೇಳ್ಬೇಕು."

ಮೇಷ್ಟ್ರು ಉಬ್ಬಿಹೋದರು. "ನಾನು ಬೀದೀಲಿ ಕಲಿಸ್ತೀನಿ, ನನ್ನ ಎದೆ ಕಾಲೇಜಲ್ಲಿ ಕಲಿಸ್ಲಿ ಬಿಡಿ. ಸತ್ತ ಮೇಲೂ ನೀವೇ ಇಟ್ಕೊಳ್ಳಿ ಸಾರ್. ಮಾತು ಅಂದ್ರೆ ಮಾತು. ಮಣ್ಣಲ್ಲಿ ಅದಕ್ಕೇನು ಕೆಲ್ಸ?"

"ಇವರಿಗೇನಾದ್ರೂ ಆದ್ರೆ?" ಅಂತ ಕೇಳಿದವಳು ಅವಳು ಮಾತ್ರ.

ಡಾಕ್ಟರು ನಕ್ಕರು. "ಕಾರು ಕಲಿಸುವಾಗ ಮೇಷ್ಟ್ರ ಕಾಲ ಹತ್ರ ಎರಡನೇ ಬ್ರೇಕ್ ಒಂದಿರುತ್ತಲ್ಲಮ್ಮ? ನಾನು ಆ ಬ್ರೇಕ್ ಇದ್ದ ಹಾಗೆ. ಒತ್ತೋ ಹೊತ್ತು ಬಂದಾಗ ನಾನೇ ಒತ್ತುತ್ತೀನಿ. ನಿಮಗೇ ಮೊದಲು ಹೇಳ್ತೀನಿ. ಇದು ನನ್ನ ಮಾತು."

ಒಂದೇ ಕೋಣೆಯಲ್ಲಿ ಎರಡು ಮಾತು. ಅವಳು ಆ ಎರಡನ್ನೂ ನೆಚ್ಚಿಕೊಂಡು ಮನೆಗೆ ಬಂದಳು.

ಅಂದಿನಿಂದ ಪ್ರತಿವರ್ಷ ಪರೀಕ್ಷೆಯ ಹಿಂದಿನ ದಿನ ಅಂಗಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಬಿಚ್ಚಿಡುವ ಅಂಗಿಗೆ ಯಾಕೆ ಇಸ್ತ್ರಿ ಅಂದರೆ ಮೇಷ್ಟ್ರು ಕೇಳುತ್ತಿರಲಿಲ್ಲ. ಸಂಜೆ ಬಂದು ಕತೆ ಹೇಳುತ್ತಿದ್ದರು: "ಇವತ್ತೊಬ್ಬ ಕೈ ನಡುಗಿಸ್ಕೊಂಡು ಬಂದ ಕಣೇ. ನಿಧಾನ ಕಣಪ್ಪಾ, ಮೊದಲು ಕ್ಲಚ್ ಬಿಡು ಅಂದೆ. ನಕ್ಕುಬಿಟ್ಟ. ಆಮೇಲೆ ಸರಿಯಾಗಿ ಕೇಳಿಸ್ಕೊಂಡ."

ನಾಲ್ಕು ವರ್ಷದ ಹಿಂದೆ ಮೇಷ್ಟ್ರು ಉಸಿರು ಸಾಲದೆ ಮೆಟ್ಟಿಲ ನಡುವೆ ಕೂರತೊಡಗಿದರು. ಎರಡು ದಿಂಬಿಲ್ಲದೆ ಮಲಗಲು ಆಗುತ್ತಿರಲಿಲ್ಲ. ಅವಳು ಒಬ್ಬಳೇ ಹೋಗಿ ಪ್ರೊಫೆಸರನ್ನು ಕಂಡಳು. "ವಯಸ್ಸಮ್ಮ," ಅಂದು ಮಾತ್ರೆ ಬರೆದುಕೊಟ್ಟು, ಬಾಗಿಲವರೆಗೂ ಬಂದು ಕಳಿಸಿದರು. "ಬ್ರೇಕ್ ಮೇಲೆ ನನ್ನ ಕಾಲಿದೆ. ನೀವು ಧೈರ್ಯವಾಗಿರಿ." ಅವಳು ಧೈರ್ಯವಾಗಿದ್ದಳು.

*

ಪ್ರೊಫೆಸರಿಗಿಂತ ಮೊದಲು ಮೆಟ್ಟಿಲು ಹತ್ತಿ ಬಂದವಳು ಒಬ್ಬ ಡಾಕ್ಟರಮ್ಮ. ಚಪ್ಪಲಿ ಬಿಡುತ್ತಲೇ ಅಳು ತಡೆಯಲಾಗದೆ ಮಂಚದ ಪಕ್ಕ ಕುಸಿದಳು.

"ಎರಡು ಪರೀಕ್ಷೆನೂ ಇವರಿಂದಲೇ ಪಾಸಾದೆ ಆಂಟಿ. ಕಾರಿಂದೂ, ಡಾಕ್ಟರಿಕೆದೂ. ರಿವರ್ಸ್ ಬರಲ್ಲ ಅಂತ ಅತ್ತಿದ್ದೆ, ಮುಂದಕ್ಕೇ ಹೋಗಮ್ಮ, ಎಲ್ಲಾದ್ರೂ ತಿರುಗೋಕೆ ಜಾಗ ಸಿಗುತ್ತೆ ಅಂದಿದ್ರು."

ನಾದಿನಿ ಅಳುವಿನ ನಡುವೆಯೇ ನಕ್ಕಳು. "ನಂಗೂ ಅದನ್ನೇ ಹೇಳಿದ್ದು. ಇವತ್ತಿಗೂ ನಂಗೆ ರಿವರ್ಸ್ ಬರಲ್ಲ."

ಡಾಕ್ಟರಮ್ಮ ಮೂಗು ಒರೆಸಿಕೊಂಡಳು. "ಅವರು ಒಪ್ಪಿಬಿಟ್ಟಿದ್ರೆ ಇವತ್ತು ನಮ್ಮ ಜೊತೆ ಇರ್ತಿದ್ರು."

ಬಾಚಣಿಗೆ ಹಿಡಿದಿದ್ದ ಕೈ ಮತ್ತೆ ನಿಂತಿತು. "ಏನು ಒಪ್ಪಿದ್ರೆ?"

"ಆಪರೇಷನ್. ಕವಾಟ ಬದಲಾಯಿಸೋದು. ಅವರೇ ಬೇಡ ಅಂದ್ರಲ್ವಾ?"

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ... ನಾವೇ ಹಾಗಂದ್ಕೊಂಡಿದ್ವಿ." ಡಾಕ್ಟರಮ್ಮ ಒಮ್ಮೆ ಇವಳ ಮುಖ, ಒಮ್ಮೆ ನಾದಿನಿಯ ಮುಖ ನೋಡಿದಳು. ದನಿ ಸಣ್ಣದಾಯಿತು. "ಪರೀಕ್ಷೇಲಿ ಕೊನೇ ಪ್ರಶ್ನೆ ಯಾವಾಗ್ಲೂ ಅದೇ. ಈ ರೋಗಿಗೆ ಏನು ಸಲಹೆ ಕೊಡ್ತೀರಿ ಅಂತ. ಹೃದಯ ಊದೋಕೆ ಮುಂಚೆ ಕವಾಟ ಬದಲಾಯಿಸ್ಬೇಕು, ಇದು ಉತ್ತರ. ಹಾಗಂದ್ರೇನೇ ಪಾಸು."

"ನೀವು ಯಾವಾಗ ಹೇಳಿದ್ದು?"

"ಒಂಬತ್ತು ವರ್ಷ ಆಯ್ತು."

"ಇವರ ಮುಂದೇನೇ?"

"ಇಲ್ಲ. ಪರದೆ ಆಚೆ ಹೋಗಿ, ಪರೀಕ್ಷಕರ ಕಿವೀಲಿ. ರೋಗಿ ಮುಂದೆ ಉತ್ತರ ಹೇಳೋ ಹಾಗಿಲ್ಲ ಆಂಟಿ. ರೋಗಿಗೆ ಗೊತ್ತಾದ್ರೆ, ಪಾಪ ಅಂತ ಮುಂದಿನವರಿಗೆ ಹೇಳಿಕೊಟ್ಟುಬಿಡ್ತಾರೆ. ಪ್ರಶ್ನೆಪತ್ರಿಕೆ ಹೊರಗೆ ಬಿದ್ದ ಹಾಗಾಗುತ್ತೆ."

ಹೌದು, ಹೇಳಿಕೊಟ್ಟುಬಿಡುತ್ತಿದ್ದರು. ಮೇಷ್ಟ್ರಂಥ ಮನುಷ್ಯ ನಡುಗುವ ಕೈಯನ್ನು ನೋಡಿಕೊಂಡು ಬಾಯಿ ಕಟ್ಟಿಕೊಂಡಿರುತ್ತಿರಲಿಲ್ಲ. ಅವಳ ಕಣ್ಣ ಮುಂದೆ ಆ ಪರದೆ ಬಂತು. ಈಚೆ ಅಂಗಿ ಬಿಚ್ಚಿ ಮಲಗಿದ ಗಂಡ. ಆಚೆ ಒಬ್ಬರಾದ ಮೇಲೆ ಒಬ್ಬರು, ವರ್ಷವಾದ ಮೇಲೆ ವರ್ಷ, ಇವರನ್ನು ಉಳಿಸುವ ಮಾತನ್ನು ಪಿಸುಗುಟ್ಟಿ ಅಂಕ ತೆಗೆದುಕೊಂಡು ಹೋದವರು. ಊರಿನ ಅರ್ಧ ಡಾಕ್ಟರುಗಳಿಗೆ ಗೊತ್ತಿತ್ತು. ಈಚೆ ಮಲಗಿದವರಿಗೆ ಮಾತ್ರ ಗೊತ್ತಿರಲಿಲ್ಲ.

"ನಮಗೆ ಗೊತ್ತಿರ್ಲಿಲ್ಲ ಆಂಟಿ," ಅಂದಳು ಡಾಕ್ಟರಮ್ಮ. "ದೇವರಾಣೆ ಗೊತ್ತಿರ್ಲಿಲ್ಲ."

"ನೀವು ಅಳಬೇಡಿ. ಸರಿಯಾದ ಉತ್ತರಾನೇ ಹೇಳಿದ್ದೀರಿ."

*

ಪ್ರೊಫೆಸರ್ ಒಳಗೆ ಬಂದರು. ಕೆನ್ನೆ ಈಗ ತುಂಬಿಕೊಂಡಿತ್ತು. ಮೇಷ್ಟ್ರ ಕಾಲ ಬಳಿ ನಿಂತು ಕೈ ಮುಗಿದರು. ಅವರ ಕಣ್ಣೂ ನಿಜವಾಗಿ ಒದ್ದೆಯಾಗಿತ್ತು. ಅವಳು ಬಾಚಣಿಗೆ ಕೆಳಗಿಟ್ಟಳು.

"ಅಮ್ಮಾ, ಅವಸರ ಮಾಡ್ತೀನಿ ಅಂದ್ಕೋಬೇಡಿ. ಹೊತ್ತು ಮೀರಿದ್ರೆ ಹೃದಯ ಕೆಟ್ಟುಹೋಗುತ್ತೆ."

"ಹೊತ್ತು ಮೀರಿದ್ರೆ ಕೆಡುತ್ತೆ ಅನ್ನೋದು ನಿಮಗೆ ಗೊತ್ತಿತ್ತು, ಹಾಗಾದ್ರೆ."

ಪ್ರೊಫೆಸರ್ ಡಾಕ್ಟರಮ್ಮನ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಇನ್ನೇನನ್ನೂ ಕೇಳಬೇಕಾಗಿರಲಿಲ್ಲ.

"ಮೊದಮೊದಲು ಬೇಕಿರ್ಲಿಲ್ಲಮ್ಮ," ಅಂದರು ನೆಲ ನೋಡುತ್ತ. "ಆಮೇಲೆ... ಒಂದೇ ಹೃದಯದ ಶಬ್ದ, ಇಷ್ಟು ವರ್ಷದ್ದು, ನಮ್ಮ ವಿಭಾಗದಲ್ಲಿ ಬೇರೆ ಇರ್ಲಿಲ್ಲ. ಕವಾಟ ಬದಲಾಯಿಸಿದ್ರೆ ಶಬ್ದ ನಿಂತುಹೋಗುತ್ತೆ. ಇನ್ನೊಂದು ವರ್ಷ ನೋಡೋಣ ಅಂದ್ಕೊಂಡೆ. ಆ ವರ್ಷ ಕಳೆಯೋ ಹೊತ್ತಿಗೆ ಊದಿಬಿಟ್ಟಿತ್ತು. ಆಗ ಹೇಳಿ ಏನು ಪ್ರಯೋಜನ?"

"ಆಮೇಲೂ ಪರೀಕ್ಷೆಗೆ ಕರೆದ್ರಿ."

"ಅವರಿಗೆ ಬರೋದು ಇಷ್ಟ ಇತ್ತು."

ಅದು ಸುಳ್ಳಲ್ಲ. ಹೋದ ವರ್ಷ ಮೆಟ್ಟಿಲಿಳಿಯಲು ಆಗದವರು ಇಬ್ಬರ ಹೆಗಲ ಮೇಲೆ ಕೈ ಹಾಕಿ, ಇಸ್ತ್ರಿ ಅಂಗಿಯಲ್ಲಿ, ಮದುವೆಗೆ ಹೊರಟವರ ಹಾಗೆ ಹೋಗಿದ್ದರು.

"ಹೃದಯ ಕೊಡೋಕೆ ಅವರು ಬಾಯಿಬಿಟ್ಟು ಒಪ್ಪಿದ್ದರಮ್ಮ," ಅಂದರು ಪ್ರೊಫೆಸರ್. "ನಿಮ್ಮ ಮುಂದೆಯೇ."

"ಇನ್ನೊಂದು ಸಲ ಕೇಳಿ. ಈಗ ಪರದೆ ಇಲ್ಲ. ಅವರನ್ನೇ ಕೇಳಿ."

ಕೋಣೆಯಲ್ಲಿದ್ದವರೆಲ್ಲ ಮೇಷ್ಟ್ರ ತಲೆಯನ್ನೇ ನೋಡಿದರು. ಎಷ್ಟೋ ವರ್ಷದ ಅಭ್ಯಾಸ. ಈಗ ಹೂಂ ಅನ್ನುತ್ತದೆ, ಈಗ ಅನ್ನುತ್ತದೆ ಅನ್ನುವ ಹಾಗೆ ಕಾದರು. ಪ್ರೊಫೆಸರ್ ಕೂಡ ಕಾದರು.

ನಾದಿನಿ ಅವಳ ತೋಳು ಹಿಡಿದಳು. "ಅತ್ತಿಗೆ, ಬೇಡ. ಅಣ್ಣ ಜೀವಮಾನದಲ್ಲಿ ಮಾತು ತಪ್ಪಿದವನಲ್ಲ."

"ಅವರು ತಪ್ಪುತ್ತಿಲ್ಲ ಕಣೇ. ತಪ್ಪುತ್ತಿರೋಳು ನಾನು. ವ್ಯಾನ್ ವಾಪಸ್ ಕಳಿಸು."

ಬೀದಿ ಇಕ್ಕಟ್ಟು. ಖಾಲಿ ವ್ಯಾನು ತಿರುಗಲು ಜಾಗವಿಲ್ಲದೆ, ನಿಂತು, ಮತ್ತೆ ನಿಂತು, ಕೊನೆಯವರೆಗೂ ಹಿಂದಕ್ಕೇ ಹೋಯಿತು.

ಮಧ್ಯಾಹ್ನ ಮೇಷ್ಟ್ರನ್ನು ಮಣ್ಣಿಗೆ ಇಳಿಸಿದಾಗ ಬೈತಲೆ ನೆಟ್ಟಗಿತ್ತು. ಹೃದಯ ಅವರ ಎದೆಯಲ್ಲೇ ಇತ್ತು. ಅವರು ಕೊಟ್ಟ ಮಾತು ಮುರಿದಿತ್ತು.