ಹನ್ನೆರಡು ಮಿಲಿಮೀಟರ್ ಗಿಡ್ಡ ಕಾಲು

ಟೆಂಡರಿನಲ್ಲಿ ಯಾರ ಹೆಸರನ್ನೂ ಬರೆಯುವಂತಿಲ್ಲ. ಇಂಥವರು ಮಾಡಿದ ಮೇಜು ಬೇಕು ಎಂದರೆ ಪಕ್ಷಪಾತ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಎತ್ತರದ ಮೇಜು ಬೇಕು ಎಂದರೆ ನ್ಯಾಯ. ಪೀಣ್ಯ ಎರಡನೇ ಹಂತದ ನಮ್ಮ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೋರ್ ಕೀಪರ್ ಆಗಿ ಸವೆದ ಲಕ್ಷ್ಮಣಪ್ಪ ನಾನು. ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಪ್ರಾಂಶುಪಾಲ ಭಾನುಪ್ರಕಾಶ್ ಹೇಳಿಕೊಟ್ಟರು.

"ಹೆಸರು ಬೇಡ ಲಕ್ಷ್ಮಣಪ್ಪ. ಈಶಪ್ಪ ಮಾಡಿದ್ದ ಮೇಜು ನಿಮ್ಮ ರೂಮಲ್ಲೇ ಇದೆಯಲ್ಲ, ಅದನ್ನ ಅಳೆದು ಬರ್ದುಬಿಡಿ. ಅಂಥದ್ದು ಅವನೊಬ್ಬನಿಗೇ ಮಾಡಕ್ಕೆ ಬರೋದು. ಕಾನೂನೂ ಉಳಿಯತ್ತೆ, ಮೇಜೂ ಉಳಿಯತ್ತೆ."

ಈಶಪ್ಪನ ಶೆಡ್ಡು ನಮ್ಮಿಂದ ಎರಡು ಕ್ರಾಸ್ ಆಚೆ. ಗದಗದ ಕಡೆಯವನು. ಅವನು ವೆಲ್ಡಿಂಗ್ ಮಾಡಿದರೆ ಹೆಂಡತಿ ರುಕ್ಮವ್ವ ಬಣ್ಣ ಹೊಡೆಯುತ್ತಾಳೆ, ಜೊತೆಗೆ ಇಬ್ಬರು ಕೆಲಸಗಾರರು. ಕ್ಯಾಟಲಾಗ್ ನೋಡಿ ತರಿಸಿದ ಮೇಜುಗಳು ನಮ್ಮಲ್ಲಿ ವರ್ಷದೊಳಗೆ ಕೈಕಾಲು ಕಳಚಿಕೊಂಡು ಗುಜರಿಗೆ ಹೋದವು. ಈಶಪ್ಪನ ಒಂದೇ ಒಂದು ಮೇಜು ಹನ್ನೊಂದು ವರ್ಷದಿಂದ ನನ್ನ ಎದುರು ನಿಂತಿದೆ. ಈ ವರ್ಷ ಹೊಸ ಹಾಲ್ ಕಟ್ಟಿಸಿ ನೂರ ಅರವತ್ತು ಮೇಜಿಗೆ ಮಂಜೂರಾತಿ ಸಿಕ್ಕಿತ್ತು. ಈಶಪ್ಪನ ಬಾಡಿಗೆ ಶೆಡ್ಡಿನ ಮಾಲೀಕ ಅದನ್ನು ಕೆಡವಿ ಪಿ.ಜಿ. ಕಟ್ಟಲು ಕಾಯುತ್ತಿದ್ದ. "ಈ ಆರ್ಡರ್ ಬಂದ್ರ ಶೆಡ್ ಉಳೀತೈತ್ರಿ. ಇಲ್ಲಂದ್ರ ಮಶೀನ್ ಮಾರಿ ಊರ ಹಾದಿ ಹಿಡಿಯೋದ" ಎಂದು ಈಶಪ್ಪ ಒಮ್ಮೆ ಹೇಳಿದ್ದ. ಸಣ್ಣ ತಯಾರಕರಿಗೆ ಸರ್ಕಾರದ ಆದ್ಯತೆಯೂ ಇತ್ತು: ಅವನ ದರ ಸ್ವಲ್ಪ ಹೆಚ್ಚಿದ್ದರೂ, ಬಂದದ್ದರಲ್ಲಿ ಅತಿ ಕಡಿಮೆ ದರಕ್ಕೆ ತನ್ನದನ್ನು ಇಳಿಸಿ ಕೆಲಸ ಪಡೆಯುವ ಅವಕಾಶ ಕೊಡಬೇಕು. ಅವನಿಗೇ ಸಿಗುತ್ತದೆ ಎಂದು ಪ್ರಾಂಶುಪಾಲರೂ ನಾನೂ ನಂಬಿಕೊಂಡಿದ್ದೆವು.

ನಾನು ಟೇಪು ತೆಗೆದು ಅಳೆದೆ. ಬೇರೆಯವರಾಗಿದ್ದರೆ ಒಂದು ಕಾಲು ಅಳೆದು ಬಿಡುತ್ತಿದ್ದರು. ನಾನು ನಾಲ್ಕನ್ನೂ ಅಳೆದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವವನು ಎಂಬ ಹೆಸರು ನನಗಿದೆ, ಅದರ ಮೇಲೆ ಸ್ವಲ್ಪ ಜಂಬವೂ ಇದೆ. ಮೂರು ಕಾಲು ಏಳುನೂರ ಐವತ್ತು ಮಿಲಿಮೀಟರ್. ನಾಲ್ಕನೆಯದು ಏಳುನೂರ ಮೂವತ್ತೆಂಟು. ಹಾಗೇ ಬರೆದೆ. ಕಂಪ್ಯೂಟರಿನ ಸೌಮ್ಯ ಹಾಗೇ ಟೈಪು ಮಾಡಿದಳು. ಖರೀದಿ ಸಮಿತಿಯ ಮೂವರು ಪುಟಪುಟಕ್ಕೂ ಸಹಿ ಹಾಕಿದರು. ಪ್ರಕಟವೂ ಆಯಿತು.

ಆ ಕಾಲು ಯಾಕೆ ಗಿಡ್ಡ ಎಂಬುದು ಇಡೀ ಕೇಂದ್ರದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕಿಟಕಿಯಾಚೆಯ ಹೊಂಗೆ ಮರದ ಬೇರು ನನ್ನ ಕೋಣೆಯ ಕಡಪ ಕಲ್ಲನ್ನು ಒಂದು ಮೂಲೆಯಲ್ಲಿ ಎತ್ತಿತ್ತು. ಮೇಜು ಅಲ್ಲಾಡಿ ಸ್ಟಾಕ್ ರಿಜಿಸ್ಟರ್ ಮೇಲೆ ಟೀ ಚೆಲ್ಲುತ್ತಿತ್ತು. ಎಂಟು ವರ್ಷದ ಹಿಂದೆ ಈಶಪ್ಪ ಬಂದು ಆ ಕಾಲನ್ನು ಗರಗಸದಿಂದ ಕೊಯ್ದು ಸರಿ ಮಾಡಿದ್ದ. ದುಡ್ಡು ಕೊಡಹೋದರೆ ನಕ್ಕು ಹೋಗಿದ್ದ. ನನ್ನ ಕಣ್ಣೆದುರೇ ನಡೆದದ್ದು. ಅಳೆಯುವಾಗ ನೆನಪಾಗಲಿಲ್ಲ. ಟೇಪು ಹೇಳಿದ್ದೇ ಸತ್ಯ ಎಂದುಕೊಂಡೆ, ದಡ್ಡ.

ಟೆಂಡರ್ ಪ್ರಕಟವಾದ ಹದಿಮೂರನೇ ದಿನ ಈಶಪ್ಪ ಅದರ ಕಾಗದ ಹಿಡಿದುಕೊಂಡು ಬಂದ.

"ಸರ, ಇದರಾಗ ಒಂದ ಕಾಲು ಗಿಡ್ಡ ಬಿದ್ದೈತಲ್ರೀ. ಹಿಂಗ ಮಾಡಿದ್ರ ಮೇಜು ಕುಣಿತೈತ್ರಿ."

ಎಂಟು ವರ್ಷದ ಹಿಂದಿನ ಗರಗಸ ಆಗ ನೆನಪಾಯಿತು. ಆದರೆ ಬಾಯಿಂದ ಬಂದದ್ದು ಕಾನೂನು. "ಟೆಂಡರ್ ಕರೆದ ಮೇಲೆ ನಾನು ನಿನ್ನ ಹತ್ರ ಇದನ್ನ ಮಾತಾಡೋ ಹಾಗಿಲ್ಲ ಕಣಪ್ಪ. ಬೇರೆಯವರಿಗೆ ಅನ್ಯಾಯ ಆಗತ್ತೆ. ಏನಿದ್ರೂ ಪೋರ್ಟಲಲ್ಲಿ ಪ್ರಶ್ನೆ ಹಾಕ್ಬೇಕಿತ್ತು. ಅದರ ಕೊನೇ ದಿನ ನಿನ್ನೆಗೆ ಮುಗೀತು." ಹೀಗೆ ಹೇಳುವಾಗ ನನ್ನ ಮೊಣಕೈ ಅವನು ಕೊಯ್ದುಕೊಟ್ಟ ಮೇಜಿನ ಮೇಲೇ ಇತ್ತು. ಅವನು ಕೆಳಗೆ ಆ ಕಾಲನ್ನು ನೋಡಿದ, ನನ್ನನ್ನು ನೋಡಿದ, ಕಾಗದ ಮಡಚಿಕೊಂಡು ಹೊರಟುಹೋದ.

ನಾನು ಪ್ರಾಂಶುಪಾಲರ ಬಳಿ ಓಡಿದೆ. ತಿದ್ದುಪಡಿ ಹೊರಡಿಸೋಣ ಸಾರ್ ಎಂದೆ.

"ತಿದ್ದುಪಡಿ ಅಂದ್ರೆ ಮತ್ತೆ ಸಮಿತಿ, ಮತ್ತೆ ಹದಿನೈದು ದಿನ. ಮಾರ್ಚ್ ಮೂವತ್ತೊಂದು ದಾಟಿದ್ರೆ ಗ್ರಾಂಟ್ ವಾಪಸ್ ಹೋಗತ್ತೆ. ಆಗ ನಾಲ್ಕೂ ಕಾಲು ಹೋಯ್ತು. ಹನ್ನೆರಡು ಮಿಲಿಮೀಟರ್ ಯಾರ ಕಣ್ಣಿಗೆ ಬೀಳತ್ತೆ ಬಿಡ್ರಿ."

ಬೀಳಬೇಕಾದ ಕಡೆ ಬಿತ್ತು. ಮೂರು ಬಿಡ್ಡುಗಳು ಬಂದಿದ್ದವು. ಈಶಪ್ಪ ತನ್ನದರ ಜೊತೆ ಒಂದು ಪತ್ರ ಲಗತ್ತಿಸಿದ್ದ: "ಮೇಜು ನೆಟ್ಟಗೆ ನಿಲ್ಲಬೇಕಾದ್ದರಿಂದ ನಾಲ್ಕೂ ಕಾಲುಗಳನ್ನು ೭೫೦ ಮಿ.ಮೀ. ಮಾಡಿಕೊಡುತ್ತೇನೆ." ಇದು ಷರತ್ತಿನಿಂದ ದೂರ ಸರಿದ ಹಾಗೆ. ತಾಂತ್ರಿಕ ಹಂತದಲ್ಲೇ ಅವನು ಹೊರಬಿದ್ದ. ಆದ್ಯತೆಯ ಮಾತು ಬರುವುದು ದರ ತೆರೆದ ಮೇಲೆ, ಅವನ ದರವನ್ನು ತೆರೆಯಲೇ ಇಲ್ಲ. ನಡಾವಳಿ ಬರೆದವನು ನಾನೇ. ಅಕ್ಷರ ಚೆನ್ನಾಗಿದೆ ಎಂದು ಯಾವಾಗಲೂ ನನಗೇ ಕೊಡುತ್ತಾರೆ.

ಗೆದ್ದದ್ದು ಎಲೆಕ್ಟ್ರಾನಿಕ್ ಸಿಟಿಯ ಹೇಮಲತಾ ಎಂಟರ್‌ಪ್ರೈಸಸ್. ಮಹಿಳಾ ಉದ್ಯಮ, ಸಣ್ಣ ಉದ್ಯಮ, ದಾಖಲೆಯ ಪ್ರಕಾರ ತಯಾರಕರು. ಹೇಮಲತಾ ಮೇಡಂ ಅವರನ್ನು ನಾವ್ಯಾರೂ ನೋಡಿಲ್ಲ. ಎಲ್ಲದಕ್ಕೂ ಬರುವವನು ಅವರ ಗಂಡ ರುದ್ರೇಶ್. ಸ್ಪೆಸಿಫಿಕೇಶನ್ನಿನ ನಲವತ್ತೆರಡು ಸಾಲುಗಳ ಎದುರೂ ಅವನು "ಒಪ್ಪಿದೆ, ಒಪ್ಪಿದೆ" ಎಂದು ತುಂಬಿದ್ದ. ಗಿಡ್ಡ ಕಾಲಿನ ಎದುರೂ ಒಪ್ಪಿದೆ. ಓದಿಯೇ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಮೇಜುಗಳು ಬಂದವು. ಕಾಗದದ ಪ್ರಕಾರ ಎಲೆಕ್ಟ್ರಾನಿಕ್ ಸಿಟಿಯಿಂದ. ಟೆಂಪೊದಿಂದ ಇಳಿದವನು ಮಾತ್ರ ಈಶಪ್ಪ.

ನಾನು ಬಾಯಿ ತೆರೆದುಕೊಂಡು ನಿಂತೆ. "ನೀನ್ಯಾಕೋ ಇಲ್ಲಿ?"

"ರುದ್ರೇಶಪ್ಪ ನನಗ ಕೊಟ್ಟಾನ್ರೀ ಕೆಲಸ. ಅವಂಗ ಮಾಡಾಕ ಎಲ್ಲಿ ಬರತೈತ್ರಿ. ಅರ್ಧ ರೇಟು. ಆದ್ರೂ ಶೆಡ್ ಒಂದ್ ವರ್ಷ ಉಳೀತೈತಿ."

ಮೇಜುಗಳ ಮೇಲೆಲ್ಲ ಹೇಮಲತಾ ಎಂಟರ್‌ಪ್ರೈಸಸ್‌ನ ಹೊಳೆಯುವ ಸ್ಟಿಕ್ಕರ್. ಕೆಲಸ ಮಾತ್ರ ಈಶಪ್ಪನದೇ. ವೆಲ್ಡಿಂಗ್ ಕಂಡರೆ ನನಗೆ ಗೊತ್ತಾಗುತ್ತದೆ. ಹೊಸ ಹಾಲಿನ ಟೈಲ್ಸ್ ಮೇಲೆ ಒಂದನ್ನು ಇಡಿಸಿ ಮೂಲೆಗೆ ಕೈ ಊರಿ ಒತ್ತಿದೆ. ಅಲ್ಲಾಡಲಿಲ್ಲ. ಇನ್ನೊಂದನ್ನು ಒತ್ತಿದೆ. ಅದೂ ಅಲ್ಲಾಡಲಿಲ್ಲ. ಟೇಪು ತೆಗೆದೆ. ಏಳುನೂರ ಐವತ್ತು, ಐವತ್ತು, ಐವತ್ತು, ಐವತ್ತು.

"ಈಶಪ್ಪ, ಏನಿದು? ಷರತ್ತಲ್ಲಿ ಒಂದು ಕಾಲು ಗಿಡ್ಡ ಇರ್ಬೇಕು."

"ಮೊದಲನೇದು ಹಂಗ ಕೊಯ್ದೆ, ಸರ. ಕುಣೀತು. ನಮ್ಮಾಕಿ ಬಿದ್ದು ಬಿದ್ದು ನಕ್ಕಳು. ಆಮ್ಯಾಲೆ ನನಗ ಕೈ ಬರಲಿಲ್ರೀ. ಹುಡುಗರು ಬರಿಯೋ ಮೇಜಲ್ಲೇನ್ರೀ ಅದು." ಟೆಂಪೊ ಕಡೆ ನೋಡಿ ಮೆಲ್ಲಗೆ ಹೇಳಿದ: "ನಿಮಗ ತ್ರಾಸ ಆಗೋದಿದ್ರ ಗ್ರೈಂಡರ್ ತಂದೀನ್ರೀ, ಟೆಂಪೊದಾಗ ಐತಿ. ಹೂಂ ಅಂದ್ರ ಈಗ ನೂರಾ ಅರವತ್ತೂ ಕೊಯ್ದ ಕೊಡತೀನಿ. ನೀವು ವಾಪಸ್ ಕಳಿಸಿದ್ರ ರುದ್ರೇಶಪ್ಪ ನನಗ ಏನೂ ಕೊಡಂಗಿಲ್ಲ."

ಅವನು ನನ್ನ ಒಂದು ಮಾತಿಗೆ ಕಾಯುತ್ತ ನಿಂತಿದ್ದ. ತಾನೇ ಕಷ್ಟಪಟ್ಟು ನಿಲ್ಲಿಸಿದ್ದನ್ನು ತಾನೇ ಕುಂಟು ಮಾಡಲು, ನನ್ನ ತಪ್ಪಿಗಾಗಿ. ನನಗೆ ನಾಚಿಕೆಯಾಯಿತು, ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಕೈಕಾಲು ಕಳಚಿಕೊಂಡ ಆ ಕ್ಯಾಟಲಾಗ್ ಮೇಜುಗಳು ಬಂದಾಗಲೂ ನಾನು ಅಳೆದು "ಸ್ಪೆಸಿಫಿಕೇಶನ್ ಪ್ರಕಾರ ಇವೆ" ಎಂದು ಬರೆದಿದ್ದೆ, ಅದು ನಿಜವಾಗಿತ್ತು. ಕೆಟ್ಟ ಸಾಮಾನಿಗೆ ಜೀವನವಿಡೀ ನಿಜವಾದ ಸರ್ಟಿಫಿಕೇಟು ಕೊಟ್ಟವನು ನಾನು.

"ಗ್ರೈಂಡರ್ ಇಳಿಸ್ಬೇಡ" ಎಂದೆ.

ಅಂದು ಒಳ್ಳೆಯ ಸಾಮಾನಿಗೆ ಸುಳ್ಳು ಸರ್ಟಿಫಿಕೇಟು ಬರೆದೆ: ನೂರ ಅರವತ್ತು ಮೇಜುಗಳನ್ನು ಅಳೆದು ನೋಡಲಾಗಿದೆ, ಎಲ್ಲವೂ ಸ್ಪೆಸಿಫಿಕೇಶನ್ ಪ್ರಕಾರ ಇವೆ. ಸಹಿ ಹಾಕಿದೆ. ಬಿಲ್ ಪಾಸಾಯಿತು. ಪ್ರಾಂಶುಪಾಲರು ಹಾಲಿಗೆ ಬಂದು ಮೇಜು ತಟ್ಟಿ, "ನೋಡಿದ್ರಾ, ಹನ್ನೆರಡು ಮಿಲಿಮೀಟರ್ ಗೊತ್ತೇ ಆಗಲ್ಲ" ಎಂದರು.

ಆರು ತಿಂಗಳಾದ ಮೇಲೆ ಆಡಿಟ್ ಬಂತು. ಬಂದವರು ಮುನೀಂದ್ರ ಎಂಬ ಅಧಿಕಾರಿ. ನಮ್ಮ ಸ್ಪೆಸಿಫಿಕೇಶನ್ನನ್ನು ಮೊದಲಿಂದ ಕೊನೆಯವರೆಗೆ ಓದಿದ ಮೊದಲ ಮನುಷ್ಯ. ಅವರ ಬ್ಯಾಗಿನಲ್ಲೂ ಟೇಪಿತ್ತು. ಹೊಸ ಹಾಲಿನಲ್ಲಿ ಬಗ್ಗಿ ಬಗ್ಗಿ ಹತ್ತು ಮೇಜು ಅಳೆದರು.

"ನಾಲ್ಕೂ ಕಾಲು ಏಳ್ನೂರೈವತ್ತಿದೆ. ನೀವು ಸ್ಪೆಸಿಫಿಕೇಶನ್ ಪ್ರಕಾರ ಇದೆ ಅಂತ ಕೊಟ್ಟಿದೀರಿ."

"ಕೊಟ್ಟಿದೀನಿ ಸಾರ್."

"ಸುಳ್ಳಲ್ವೇನ್ರೀ?"

"ಸುಳ್ಳೇ ಸಾರ್."

ಅವರಿಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಒಳ್ಳೆಯ ಮನುಷ್ಯ. "ಇದು ಸಣ್ಣ ವಿಷ್ಯ ಅಲ್ಲ ಲಕ್ಷ್ಮಣಪ್ಪನೋರೇ. ಇಲ್ಲಿ ಈಶಪ್ಪ ಅಂತ ಒಬ್ರು ಇದ್ದಾರೆ ನೋಡಿ. ನಾಲ್ಕೂ ಕಾಲು ಸಮ ಮಾಡ್ತೀನಿ ಅಂತ ಬರ್ದಿದ್ದಕ್ಕೆ ಅವರನ್ನ ಹೊರಗೆ ಹಾಕಿದೀರಿ. ಆಮೇಲೆ ಅದೇ ಸಮ ಕಾಲನ್ನ ಇನ್ನೊಬ್ರಿಂದ ತಗೊಂಡಿದೀರಿ. ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ. ಆ ಬಡಪಾಯಿ ಪರವಾಗಿ ಯಾರಾದ್ರೂ ಕೇಳ್ಬೇಕಲ್ಲ?"

ಮೇಜು ಮಾಡಿದವನೇ ಆ ಬಡಪಾಯಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ರುದ್ರೇಶ್ ಕೆಲಸವನ್ನು ಬೇರೆಯವರಿಗೆ ವಹಿಸಿದ್ದೂ ತಪ್ಪಾಗುತ್ತಿತ್ತು. ರುದ್ರೇಶನ ಮೇಲೆ ಬಿದ್ದದ್ದು ತಿರುಗಿ ಈಶಪ್ಪನ ಶೆಡ್ಡಿನ ಮೇಲೇ ಬೀಳುತ್ತಿತ್ತು. ನುಂಗಿಕೊಂಡೆ.

"ಅವನಿಗೆ ಅನ್ಯಾಯ ಆಗಿದೆ ಸಾರ್. ತಪ್ಪು ನನ್ನದೊಬ್ಬನದೇ, ಹಾಗೇ ಬರ್ಕೊಳ್ಳಿ" ಎಂದೆ.

ಮುನೀಂದ್ರ ಅಲ್ಲೇ ಒಂದು ಹೊಸ ಮೇಜಿಗೆ ಕುರ್ಚಿ ಎಳೆದು ಕೂತು, ನನ್ನ ನಿವೃತ್ತಿ ವೇತನಕ್ಕೆ ಕೈಹಾಕುವ ಆಕ್ಷೇಪಣೆಯನ್ನು ಬರೆಯತೊಡಗಿದರು. ನಾನು ಹೊರಗಿನಿಂದ ಟೀ ತರಿಸಿ ಅವರ ಮೊಣಕೈ ಪಕ್ಕದಲ್ಲೇ ಇಟ್ಟೆ. ಗ್ಲಾಸು ಅಂಚಿನವರೆಗೆ ತುಂಬಿತ್ತು. ಅವರು ಒತ್ತಿ ಒತ್ತಿ ಎರಡು ಪುಟ ಬರೆದರು. ಒಂದು ಹನಿಯೂ ಚೆಲ್ಲಲಿಲ್ಲ.