ಹೀಚಿನ ಬೆಲೆ

“ಇದೇನಕ್ಕಾ, ಒನಕೆ ತಂದಿದ್ದೀರಾ?” ಎಂದು ಸೋಮಶೇಖರ್ ಕ್ರೇಟಿನಿಂದ ಒಂದು ಸೌತೆಕಾಯಿ ಎತ್ತಿ ಹಿಡಿದ. ಹೊರದೇಶಕ್ಕೆ ಮಿಡಿಸೌತೆ ಕಳಿಸುವ ಕಂಪನಿಯವನು ಅವನು. ಭೀಮನಬೀಡಿನ ತೂಕದ ಶೆಡ್ಡಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ರೂಪಶ್ರೀ ತಲೆ ತಗ್ಗಿಸಿದಳು.

ತಪ್ಪು ಅವಳ ಅತ್ತೆ ಪುಟ್ಟಬಸಮ್ಮನದು. ಆ ಮನೆಯಲ್ಲಿ ಹೀಚು ಕೀಳುವ ಪದ್ಧತಿಯೇ ಇಲ್ಲ. ಬೆರಳುದ್ದದ ಕಾಯಿಗೆ ಸೊಸೆ ಕೈ ಹಾಕಿದಾಗ, “ಬಳ್ಳಿ ನೊಂದ್ಕತ್ತದೆ ಕಣಮ್ಮಿ, ಎರಡು ದಿನ ಬುಡು” ಎಂದು ತಡೆದಿದ್ದಳು. ಎರಡು ದಿನಕ್ಕೇ ಊದಿಕೊಂಡುಬಿಟ್ಟಿದ್ದವು.

“ನಾಳೆನೂ ಹಿಂಗೇ ತಂದ್ರೆ ನಿಮ್ಮ ಹೊಲ ನಮ್ಗೆ ಬೇಡ,” ಎಂದ ಸೋಮಶೇಖರ್. ಮಾವ ಅವಳಿಗೆ ಅರ್ಧ ಎಕರೆ ಬಿಟ್ಟುಕೊಟ್ಟಿದ್ದೇ ಈ ಬೆಳೆ ನೋಡಲಿಕ್ಕೆ. ಇದು ಕೆಟ್ಟರೆ ನೆಲ ಅವಳ ಕೈತಪ್ಪಿ ಮತ್ತೆ ಮಾವನ ಅರಿಸಿನದ ಬೆಳೆಗೆ ಸೇರುತ್ತಿತ್ತು.

ಸೊಸೆಯ ಹಿಂದೆ ನಿಂತಿದ್ದ ಪುಟ್ಟಬಸಮ್ಮ ಮುಂದೆ ಬಂದಳು. “ಅಲ್ಲ ಕಣಪ್ಪಾ, ದಪ್ಪ ಕಾಯ್ಗೆ ಬೆಲೆ ಇಲ್ಲ, ಹೀಚ್ಗೆ ಬೆಲೆ! ಯಾವ ಸೀಮೆ ನ್ಯಾಯ? ಆ ದೇಸ್ದಲ್ಲಿ ಇದು ಬೆಳ್ಯಾಕಿಲ್ವಾ?”

“ಬೆಳೀತದೆ ಅವ್ವಾ. ದಿನಾ ಬಗ್ಗಿ ಕೀಳೋಕೆ ಆಳು ಬೇಕಲ್ಲ? ಅಲ್ಲಿ ಒಂದು ಗಂಟೆ ಬಗ್ಗಿದೋರ್ಗೆ ಇಲ್ಲಿನ ಮೂರು ದಿನದ ಕೂಲಿ ಕೊಡ್ಬೇಕು. ಹಡಗು ಹತ್ತಿಸ್ಕೊಂಡು ಹೋದ್ರೂ ನಮ್ದೇ ಅಗ್ಗ.”

“ಅಗ್ಗ ಕಾಯಲ್ಲ ಕಣ್ಲಾ, ನಮ್ ಸೊಂಟ!”

ಈ ಸಲ ಎಲ್ಲರೂ ಸೋಮಶೇಖರನನ್ನು ನೋಡಿ ನಕ್ಕರು. ಅವನೂ ನಕ್ಕ.

“ಅಂಗಾರೆ ಕೇಜಿಗೆ ಒಂದು ರೂಪಾಯಿ ಸೇರ್ಸು.”

“ನನ್ ಕೈಲಿಲ್ಲ ಅವ್ವಾ. ಇದ್ಕಿಂತ ಅಗ್ಗದ ಸೊಂಟ ಇನ್ನೊಂದು ದೇಸ್ದಲ್ಲಿ ಸಿಕ್ಕುದ್ರೆ ನಮ್ಮುನ್ನೂ ಬುಡ್ತಾರೆ.”

ಮರುದಿನ ಮೂಡಲು ಕೆಂಪಾಗುವ ಹೊತ್ತಿಗೆ ಪುಟ್ಟಬಸಮ್ಮ ಬೀದಿಯ ಹೆಂಗಸರನ್ನೆಲ್ಲ ಹೊಲಕ್ಕೆ ಹೊರಡಿಸಿಕೊಂಡು ಬಂದಿದ್ದಳು. “ಬಿಸ್ಲೇರಿದ್ರೆ ಊದ್ಕತವೆ, ಬಿರ್ರನೆ ಕೀಳ್ರಮ್ಮಿ! ಗಂಗಾಂಬಿಕೆ, ಎಲೆ ಅಡಿ ನೋಡು, ಅಲ್ಲೇ ಅಡಗವೆ ಕಳ್ಳಮುಂಡೇವು!” ಕಂಪನಿ ಲಾರಿಯ ಹಾರನ್ ಕೇಳಿಸಿತು. ರೂಪಶ್ರೀ ಕ್ರೇಟು ಹೊತ್ತು ಶೆಡ್ಡಿಗೆ ಓಡಿದಳು. ಸೀರೆ ಎತ್ತಿ ಕಟ್ಟಿಕೊಂಡು ಅತ್ತೆಯೂ ಹಿಂದೆಯೇ ಓಡಿದಳು.

ಸೋಮಶೇಖರ್ ಕಾಯಿಗಳನ್ನು ಜರಡಿಗೆ ಸುರಿದ. ಸಣ್ಣ ಕಿಂಡಿಯಲ್ಲೇ ಎಲ್ಲವೂ ಜಾರಿ ಕೆಳಗಿಳಿದವು. “ಪೂರಾ ಒಂದ್ನೇ ನಂಬರು! ನಾಳೆನೂ ತನ್ನಿ.” ರೂಪಶ್ರೀ ಅತ್ತೆಯನ್ನು ತಬ್ಬಿಕೊಂಡು ಕುಣಿದೇಬಿಟ್ಟಳು.

ಪುಟ್ಟಬಸಮ್ಮ ಬಿಡಿಸಿಕೊಂಡು, ರಾಶಿಯಲ್ಲಿ ಎಲ್ಲಕ್ಕಿಂತ ಎಳೆಯದನ್ನು ಆರಿಸಿ ತೆಗೆದಳು. ಅದರ ತುದಿಗೆ ಹೂವು ಇನ್ನೂ ಅಂಟಿಕೊಂಡಿತ್ತು.

“ಅತ್ತೇ, ಅದು ಹಡಗು ಹತ್ತೋದು!”

ಮುದುಕಿ ಕಾಯಿಯನ್ನು ಸೆರಗಿಗೆ ಒರೆಸಿ, ಹೂವಿನ ಸಮೇತ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿಯತೊಡಗಿದಳು.